ಕಟ್ಟುವುದೋ, ಕೊಳ್ಳುವುದೋ, ಮೇಲೊಂದು ಮಹಡಿ ಏರಿಸುವುದೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲಕ್ಕೆ ಮನೆ ಎಂಬುದು ಅಂಗಡಿಯಲ್ಲಿ ಸಿಗುವ ಸಾಮಾನಾಗಿರಲಿಲ್ಲ. ಇದ್ದ ಮನೆಯ ಮೇಲೆ ಇನ್ನೊಂದು ಮನೆ ಏರಿಸಿ ನೋಡು ಎಂದೂ ಹೇಳಲಿಲ್ಲ; ಊರಲ್ಲಿ ಜಾಗಕ್ಕೇನು ಕೊರತೆ, ಪಕ್ಕಕ್ಕೆ ಒಂದು ಚಾವಡಿ ಇಳಿಸಿದರೆ ಆಯಿತು. ನಾಗಪುರದ ಕನ್ನಡಿಗರ ಮನೆಗಳಲ್ಲಿ ಈಗ ಈ ಮೂರೂ ಮಾತುಗಳು ಒಟ್ಟಿಗೆ ನಡೆಯುತ್ತಿವೆ. ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ಮಕ್ಕಳ ನೌಕರಿಯ ಸುದ್ದಿಯ ಬೆನ್ನಿಗೇ ಬರುವ ಸುದ್ದಿ ಇದು. ಬೇಸಾದಲ್ಲಿ ಫ್ಲ್ಯಾಟು ನೋಡಿದ್ದೇವೆ, ಹಳೆಯ ಮನೆ ಬಿಲ್ಡರಿಗೆ ಕೊಡುವುದೋ ತಿಳಿಯದು, ಮಗ ಬಂದರೆ ಮೇಲೆ ಎರಡು ಕೋಣೆ ಎತ್ತಬೇಕು. ಹೀಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ.

ಈ ಪ್ರಶ್ನೆ ಈಗಲೇ ಏಕೆ ಇಷ್ಟು ಜೋರಾಗಿದೆ ಎಂಬುದಕ್ಕೆ ಕಾರಣವಿದೆ. ರೈಲ್ವೆ, ಅಂಚೆ, ಎ.ಜಿ. ಕಚೇರಿ, ಆರ್ಡ್‌ನೆನ್ಸ್ ಫ್ಯಾಕ್ಟರಿ, ಹೋಟೆಲು ಎಂದು ಬೇರೆ ಬೇರೆ ದಾರಿಯಿಂದ ನಮ್ಮವರು ಈ ಊರಿಗೆ ಬಂದರು. 1969ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ 1980ರಲ್ಲಿ ವಿಜಯಾ, ಕಾರ್ಪೊರೇಶನ್ ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡು ಶಾಖೆಗಳು ದೇಶದ ಉದ್ದಗಲಕ್ಕೂ ಹಬ್ಬಿದಾಗ ಉಡುಪಿ, ಮಂಗಳೂರು ಕಡೆಯ ಹುಡುಗರು ಬ್ಯಾಂಕಿನ ದಾರಿಯಿಂದಲೂ ಬಂದರು. ಆಫೀಸರುಗಳು ಮೂರು ವರ್ಷಕ್ಕೊಮ್ಮೆ ಪೆಟ್ಟಿಗೆ ಕಟ್ಟಿದರು, ಕ್ಲಾರ್ಕುಗಳು ಉಳಿದರು. ಹೀಗೆ ಉಳಿದವರೇ ಪ್ರತಾಪನಗರ, ತ್ರಿಮೂರ್ತಿನಗರ, ನರೇಂದ್ರನಗರ, ಮನೀಷನಗರದ ಕಡೆಗಳಲ್ಲಿ ಸಾವಿರ, ಸಾವಿರದೈನೂರು ಚದರಡಿಯ ಪ್ಲಾಟು ಹಿಡಿದು, ಸಿಬ್ಬಂದಿ ಸಾಲ ತೆಗೆದು, ನೆಲಮಹಡಿಯೊಂದನ್ನು ಕಟ್ಟಿಕೊಂಡರು. ಆ ನಾಲ್ಕು ಬ್ಯಾಂಕುಗಳಲ್ಲಿ ಮೂರರ ಹೆಸರು ಇಂದು ಬೋರ್ಡಿನಲ್ಲಿಲ್ಲ. 2019ರಲ್ಲಿ ವಿಜಯಾ ಬರೋಡಾದೊಳಗೆ ಸೇರಿತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಶನ್ ಯೂನಿಯನ್‌ಗೂ ಹೋದವು. ಆದರೆ ಆ ಸಾಲದಿಂದ ಎದ್ದ ಮನೆಗಳು ನಿಂತಿವೆ. ಅವಕ್ಕೆ ಈಗ ಮೂವತ್ತು ನಲವತ್ತು ವರ್ಷ, ಕಟ್ಟಿದವರಿಗೆ ಅರವತ್ತು ಎಪ್ಪತ್ತು.

(ಇಲ್ಲಿ ಒಂದು ಮಾತು. ಬೆಂಗಳೂರಿನವರು ‘ಸೈಟು’ ಎನ್ನುವುದನ್ನು ನಾಗಪುರದಲ್ಲಿ ‘ಪ್ಲಾಟು’ ಎನ್ನುತ್ತೇವೆ. ಮುಂಬಯಿಯ ನೆಂಟರಿಗೆ ಫೋನಿನಲ್ಲಿ ಪ್ಲಾಟು ತೆಗೆದುಕೊಂಡೆ ಎಂದರೆ ಅವರು ಫ್ಲ್ಯಾಟು ಎಂದೇ ಕೇಳಿಸಿಕೊಂಡು ಎಷ್ಟನೇ ಮಾಳಿಗೆ ಎಂದು ವಿಚಾರಿಸುತ್ತಾರೆ.)

ಮೊದಲು ಹೊಸದಾಗಿ ಪ್ಲಾಟು ಕೊಂಡು ಕಟ್ಟುವವರ ವಿಷಯ ನೋಡೋಣ. ಹೆಚ್ಚು ಜನ ಕೈ ಸುಟ್ಟುಕೊಳ್ಳುವುದು ಇಲ್ಲಿಯೇ. ಈ ನಗರದಲ್ಲಿ ‘572 ಲೇಔಟ್’, ‘1900 ಲೇಔಟ್’ ಎಂಬ ಎರಡು ಅಂಕಿಗಳು ಆಟೋ ಚಾಲಕನಿಗೂ ಗೊತ್ತು. ಬೇಸಾಯದ ಜಮೀನನ್ನು ಗುಂಟೆ ಗುಂಟೆಯಾಗಿ ಕತ್ತರಿಸಿ, ಸೊಸೈಟಿಗಳ ಹೆಸರಿನಲ್ಲಿ ಮಾರಿದ ಅನಧಿಕೃತ ಬಡಾವಣೆಗಳ ಲೆಕ್ಕ ಅದು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ಗುಂಠೇವಾರಿ ಕಾಯ್ದೆ ತಂದು, ಆ ವರ್ಷದ ಜನವರಿ 1ಕ್ಕೆ ಮೊದಲಿನ ಇಂಥ ಪ್ಲಾಟುಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡಲು ದಾರಿ ತೆರೆಯಿತು. 2021ರಲ್ಲಿ ತಿದ್ದುಪಡಿ ಮಾಡಿ ಗಡುವನ್ನು 2020ರ ಡಿಸೆಂಬರ್ 31ರ ತನಕ ಎಳೆಯಿತು. ಸರ್ಕಾರ ಒಮ್ಮೆ ಗಡುವು ಎಳೆದರೆ ಮತ್ತೊಮ್ಮೆಯೂ ಎಳೆಯುತ್ತದೆ ಎಂಬ ಧೈರ್ಯದ ಮೇಲೆ ಇಂದಿಗೂ ಪ್ಲಾಟುಗಳು ಮಾರಾಟವಾಗುತ್ತಿವೆ.

ನಾಗಪುರ ಸುಧಾರ್ ಪ್ರನ್ಯಾಸ, ನಮ್ಮೆಲ್ಲರ ಬಾಯಲ್ಲಿ ಎನ್‌ಐಟಿ, 1936ರಿಂದ ಇರುವ ಸಂಸ್ಥೆ. ಲೇಔಟಿಗೆ ಮಂಜೂರಾತಿ ಸಿಕ್ಕು, ಅಭಿವೃದ್ಧಿ ಶುಲ್ಕ ಸಂದು, ಪ್ಲಾಟು ಕಟ್ಟಲು ಯೋಗ್ಯ ಎಂದು ಬಿಡುಗಡೆ ಮಾಡುವ ಪತ್ರವೇ ರಿಲೀಸ್ ಲೆಟರ್, ಅಂದರೆ ಆರ್‌ಎಲ್. ಅದಿಲ್ಲದೆ ಮನೆಯ ನಕ್ಷೆ ಪಾಸಾಗುವುದು ಕಷ್ಟ, ನಕ್ಷೆ ಪಾಸಾಗದೆ ಬ್ಯಾಂಕು ಕಟ್ಟಡ ಸಾಲ ಕೊಡದು. 2017ರಲ್ಲಿ ಎನ್‌ಎಂಆರ್‌ಡಿಎ ಬಂದ ಮೇಲೆ ನಗರದ ಸುತ್ತಲಿನ ಏಳುನೂರಕ್ಕೂ ಮಿಕ್ಕಿದ ಹಳ್ಳಿಗಳು ಅದರ ವ್ಯಾಪ್ತಿಗೆ ಹೋದವು. 2022ರ ಡಿಸೆಂಬರಿನಲ್ಲಿ ಮೆಟ್ರೋದ ಮೊದಲ ಹಂತ ಪೂರ್ಣಗೊಂಡಿತು. ವಾರ್ಧಾ ರಸ್ತೆ, ಹಿಂಗಣಾ, ಕಾಮಠಿ ರಸ್ತೆಯ ಆಚೆಗಿನ ಹೊಲಗಳಿಗೂ ಬಣ್ಣದ ಬಾವುಟ ಬಂತು. ಅಲ್ಲಿ ನಿಂತ ಏಜೆಂಟರ ಬಾಯಲ್ಲಿ ಒಂದೇ ಮಾತು, ‘ಆರ್‌ಎಲ್ ಪ್ರೋಸೆಸ್ ಮೇ ಹೈ, ಸಾಹಬ್.’ ಸಾಲದ ಕೌಂಟರಿನಲ್ಲಿ ಕುಳಿತು ಮೂವತ್ತು ವರ್ಷ ಕಾಗದ ನೋಡಿದ ಯಾರನ್ನೇ ಕೇಳಿ, ಈ ‘ಪ್ರೋಸೆಸ್’ ಎಂಬ ಪದಕ್ಕೆ ತಾರೀಖು ಇರುವುದಿಲ್ಲ. ಪ್ಲಾಟಿನ ಬೆಲೆ ಪಕ್ಕದ ಮಂಜೂರಾದ ಲೇಔಟಿಗಿಂತ ಅರ್ಧಕ್ಕೆ ಇದೆಯೆಂದರೆ ಉಳಿದರ್ಧ ಎಲ್ಲಿ ಹೋಯಿತು ಎಂದು ಕೇಳಬೇಕಾದವರು ನಾವೇ. ಸಾತ್‌ಬಾರಾ ಉತಾರಾ, ಅಕೃಷಿಕ ಆದೇಶ, ಮಂಜೂರಾದ ಲೇಔಟ್ ನಕ್ಷೆ, ಆರ್‌ಎಲ್, ನಗರದೊಳಗಾದರೆ ಆಖೀವ್ ಪತ್ರಿಕಾ, ಮೂವತ್ತು ವರ್ಷದ ಸರ್ಚ್ ರಿಪೋರ್ಟ್, ಇಷ್ಟೂ ಕೈಗೆ ಬರುವ ಮೊದಲು ಟೋಕನ್ ಹಣ ಕೊಡುವುದು ಬೇಡ. ಧಂತೋಲಿ, ರಾಮದಾಸಪೇಠದಂಥ ಹಳೆಯ ಪ್ರದೇಶದಲ್ಲಿ ಕೊಳ್ಳುವವರು ಜಮೀನು ನಜೂಲಿನದೋ, ಎನ್‌ಐಟಿ ಗುತ್ತಿಗೆಯದೋ, ಗುತ್ತಿಗೆ ನವೀಕರಣವಾಗಿದೆಯೋ ಎಂಬುದನ್ನೂ ನೋಡಬೇಕು.

ಕಾಗದ ಸರಿಯಿದ್ದರೂ ಮಣ್ಣು ಇದೆ. ನಾಗಪುರದ ಬಹುಭಾಗ ಕಪ್ಪು ಎರೆಮಣ್ಣು. ಧಾರವಾಡ, ವಿಜಯಪುರ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕರಾವಳಿಯ ಜಂಬಿಟ್ಟಿಗೆ ನೆಲದಿಂದ ಬಂದವರಿಗೆ ಹೇಳಬೇಕು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ತನ್ನ ಜೊತೆ ಎಳೆದಾಡುತ್ತದೆ. ಅಡಿಪಾಯವನ್ನು ಗಟ್ಟಿ ಮುರಮ್ಮಿನ ತನಕ ಇಳಿಸಬೇಕು, ಇಲ್ಲವೇ ತಳ ಅಗಲವಾದ ಪೈಲ್ ಹಾಕಬೇಕು. ನೆಲದ ಕೆಳಗೆ ಹೋಗುವ ಈ ಹಣ ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಗುತ್ತಿಗೆದಾರ ಮೊದಲು ಉಳಿಸುವುದೂ ಅಲ್ಲಿಯೇ. ಮನೆಯವರಲ್ಲಿ ಒಬ್ಬರಾದರೂ ದಿನಕ್ಕೆರಡು ಬಾರಿ ಸೈಟಿನಲ್ಲಿ ನಿಲ್ಲಲು ಆಗದಿದ್ದರೆ ಕಟ್ಟುವ ಯೋಚನೆಯನ್ನೇ ಬಿಡುವುದು ಲೇಸು. ಕನ್ಹಾನ್ ಮರಳು ಎಂದು ಬಿಲ್ಲಿನಲ್ಲಿ ಬರೆದ ಲಾರಿಯಿಂದ ಇಳಿಯುವುದು ಏನೆಂದು ನೋಡಲು ಕಣ್ಣು ಬೇಕು.

ಇನ್ನು ಸಿದ್ಧ ಫ್ಲ್ಯಾಟು ಕೊಳ್ಳುವುದು. ಇದರಲ್ಲಿ ತಲೆನೋವು ಕಡಿಮೆ, ಖರ್ಚು ಹೆಚ್ಚು. 2017ರ ಮೇ ತಿಂಗಳಿಂದ ಮಹಾರೇರಾ ಇರುವುದರಿಂದ ದೊಡ್ಡ ಯೋಜನೆಗಳಲ್ಲಿ ನೋಂದಾಯಿತ ಕರಾರಿಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ಐದು ವರ್ಷದ ತನಕ ಬಿಲ್ಡರನೇ ಸರಿಪಡಿಸಬೇಕು. ಆದರೆ 500 ಚದರ ಮೀಟರಿಗಿಂತ ಹೆಚ್ಚಿಲ್ಲದ ಜಾಗದ, ಇಲ್ಲವೇ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗೆ ಈ ನೋಂದಣಿ ಕಡ್ಡಾಯವಲ್ಲ. ನಮ್ಮ ಲೇಔಟುಗಳಲ್ಲಿ ಹಳೆಯ ಬಂಗಲೆ ಕೆಡವಿ ಏಳುವ ಕಟ್ಟಡಗಳು ಹೆಚ್ಚಾಗಿ ಇಂಥವೇ ಎಂಬುದನ್ನು ಮರೆಯಬಾರದು. ವಾಸ ಪ್ರಮಾಣಪತ್ರ, ಅಂದರೆ ಓಸಿ, ಬಂದ ಮನೆಗೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ ಶೇ. 5. ಓಸಿ ಕೇಳಿದಾಗ ‘ಎಲ್ಲರೂ ಹೀಗೇ ಇದ್ದಾರೆ’ ಎಂಬ ಉತ್ತರ ಬಂದರೆ ಚಹಾ ಕುಡಿದು ಎದ್ದು ಬನ್ನಿ.

ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡೋಣ. ಫ್ಲ್ಯಾಟಿಗೆ 40 ಲಕ್ಷ ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದ ಸಾಲಕ್ಕೆ ಬೆಲೆಯ ಶೇ. 80ರ ತನಕ ಮಾತ್ರ ಸಿಗುತ್ತದೆ, ಅಂದರೆ 32 ಲಕ್ಷ. ಉಳಿದ 8 ಲಕ್ಷವಲ್ಲದೆ ಮುದ್ರಾಂಕ, ನೋಂದಣಿ ಎಂದು ಸುಮಾರು 3 ಲಕ್ಷ ಕೈಯಿಂದಲೇ ಹೋಗಬೇಕು, ಅದಕ್ಕೆ ಸಾಲವಿಲ್ಲ. (ಹೆಂಡತಿಯ ಹೆಸರಿನಲ್ಲಿ ಮಾತ್ರ ನೋಂದಾಯಿಸಿದರೆ 2021ರಿಂದ ಮುದ್ರಾಂಕದಲ್ಲಿ ಶೇ. 1 ರಿಯಾಯಿತಿ ಇದೆ. ಎಷ್ಟೋ ಗಂಡಸರು ಈ ಶೇಕಡಾ ಒಂದನ್ನು ಸಂತೋಷದಿಂದ ಬಿಟ್ಟುಕೊಡುವುದನ್ನು ಕಂಡಿದ್ದೇವೆ.) ಎಂಟೂವರೆ ಬಡ್ಡಿ, ಇಪ್ಪತ್ತು ವರ್ಷ ಎಂದರೆ ತಿಂಗಳ ಕಂತು 27,770 ರೂಪಾಯಿ, ಕೊನೆಗೆ ಕಟ್ಟಿದ್ದು 66 ಲಕ್ಷ 65 ಸಾವಿರ. ಇದಕ್ಕೆ ಪ್ರತಿಯಾಗಿ, ಇರುವ ಮನೆಯ ಮೇಲೆ 900 ಚದರಡಿ ಏರಿಸಲು ಚದರಡಿಗೆ 2,000ದಂತೆ 18 ಲಕ್ಷ ಹಿಡಿಯಿರಿ. ಮೂರು ಲಕ್ಷ ಕೈಯಿಂದ, 15 ಲಕ್ಷ ಸಾಲ, ಅದೇ ಬಡ್ಡಿ, ಹದಿನೈದು ವರ್ಷ ಎಂದರೆ ಕಂತು 14,771; ಕಟ್ಟುವ ಒಟ್ಟು ಮೊತ್ತ 26 ಲಕ್ಷ 59 ಸಾವಿರ. ದರಗಳು ನಿಮ್ಮ ಗಲ್ಲಿಗೆ ತಕ್ಕಂತೆ ಬದಲಾಗಬಹುದು. ಎರಡು ಮೊತ್ತಗಳ ನಡುವಿನ ದೂರ ಅಷ್ಟಾಗಿ ಬದಲಾಗದು. ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ವೈಯಕ್ತಿಕ ಸಾಲಗಾರರಿಗೆ ದಂಡವಿಲ್ಲ. ನಿವೃತ್ತಿಯ ಗ್ರಾಚ್ಯುಟಿ ಬಂದಾಗ ಇದು ನೆನಪಿರಲಿ. ಆದಾಯ ತೆರಿಗೆಯಲ್ಲಿ ಬಡ್ಡಿಯ ವಿನಾಯಿತಿ ಸಿಗುತ್ತದಲ್ಲ ಎನ್ನುವವರು ತಾವು ಹೊಸ ಪದ್ಧತಿಯಲ್ಲಿದ್ದೇವೆಯೋ ಹಳೆಯದರಲ್ಲೋ ನೋಡಿಕೊಳ್ಳಲಿ. ಹೊಸದರಲ್ಲಿ ಸ್ವಂತ ವಾಸದ ಮನೆಗೆ ಅದು ಇಲ್ಲ.

ಹಾಗಾದರೆ ಮೇಲೆ ಏರಿಸುವುದೇ ಸರಿಯೇ? ಕಾಗದ ಸರಿಯಿರುವ ಹಳೆಯ ಮನೆ ಇದ್ದವರಿಗೆ, ಹೌದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಎರಡು ವಿಷಯ ತೀರ್ಮಾನವಾಗಬೇಕು.

ಒಂದು, ಕೆಳಗಿನ ಮನೆ ಹೊರುತ್ತದೆಯೇ ಎಂಬುದು. ನಮ್ಮ ಲೇಔಟುಗಳ ತಾರಸಿ ಹತ್ತಿ ನೋಡಿ, ಮನೆ ಮನೆಯ ಮೇಲೂ ಮುಂದೆ ಮಗ ಕಟ್ಟಿಕೊಳ್ಳಲಿ ಎಂದು ಅಪ್ಪ ಬಿಟ್ಟ ಕಂಬಿಗಳು ಆಕಾಶ ನೋಡುತ್ತಾ ನಿಂತಿವೆ. ಮೂವತ್ತು ಮಳೆಗಾಲ ಕಂಡು ತುಕ್ಕು ತಿಂದ ಆ ಕಂಬಿಯ ಮೇಲೆ ಹಾಗೆಯೇ ಕಾಂಕ್ರೀಟು ಸುರಿಯುವುದು ಸಲ್ಲದು. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಅಡಿಪಾಯದ ಪಕ್ಕ ಗುಂಡಿ ತೋಡಿಸಿ ನೋಡಬೇಕು, ಕಂಬಗಳ ಪರೀಕ್ಷೆ ಮಾಡಬೇಕು. ಕಂಬವೇ ಇಲ್ಲದೆ ಇಟ್ಟಿಗೆ ಗೋಡೆಯ ಮೇಲೇ ತಾರಸಿ ಕೂರಿಸಿದ ಮನೆಗಳೂ ಬಹಳಷ್ಟಿವೆ, ಅವುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೇಲಕ್ಕೆ ಬೇಡ, ಪಕ್ಕದ ಮಾರ್ಜಿನ್ನಿನಲ್ಲಿ ಒಂದು ಅಡುಗೆ ಕೋಣೆ ಎಳೆದರಾಯಿತು ಎನ್ನುವವರಿಗೆ ಎರೆಮಣ್ಣೇ ಉತ್ತರ ಕೊಡುತ್ತದೆ. ಹಳೆಯ ಭಾಗ ಕುಳಿತು ಗಟ್ಟಿಯಾಗಿದೆ, ಹೊಸದು ಇನ್ನು ಕೂರಬೇಕು. ನಡುವೆ ಜಾಯಿಂಟ್ ಬಿಡದೆ ಬೆಸೆದರೆ ಎರಡನೇ ಬೇಸಿಗೆಗೆ ಮೇಲಿಂದ ಕೆಳಗೆ ಬಿರುಕು. ಮಾರ್ಜಿನ್ ಮುಚ್ಚಿದ ತಪ್ಪಿಗೆ 1966ರ ಎಂಆರ್‌ಟಿಪಿ ಕಾಯ್ದೆಯ ನೋಟಿಸೂ ಬರಬಹುದು. 2020ರ ಡಿಸೆಂಬರಿನಿಂದ ಜಾರಿಯಲ್ಲಿರುವ ರಾಜ್ಯದ ಏಕೀಕೃತ ಕಟ್ಟಡ ನಿಯಮಾವಳಿ ಸಣ್ಣ ಪ್ಲಾಟುಗಳಿಗೆ ಪರವಾನಗಿಯನ್ನು ಸುಲಭ ಮಾಡಿದೆ. 150 ಚದರ ಮೀಟರಿನ ತನಕ ನಕ್ಷೆ ಸಲ್ಲಿಸಿ ಶುಲ್ಕ ಕಟ್ಟಿದ ರಸೀದಿಯೇ ಪರವಾನಗಿ. ಇಷ್ಟು ಸುಲಭವಾದ ಮೇಲೂ ಅನುಮತಿ ಇಲ್ಲದೆ ಕಟ್ಟುವವರಿಗೆ ಏನೆನ್ನಬೇಕೋ ತಿಳಿಯದು.

ಎರಡನೆಯದು ಇಂಜಿನಿಯರ್ ಹೇಳಲಾರ, ಬ್ಯಾಂಕಿನವರೂ ಹೇಳಲಾರರು. ಮೆಟ್ಟಿಲು ಎಲ್ಲಿ ಬರಬೇಕು? ನಡುಮನೆಯ ಒಳಗೋ, ಹೊರಗಿನಿಂದಲೋ? ಕೇಳಲು ಸಣ್ಣ ಪ್ರಶ್ನೆ. ನಕ್ಷೆ ಬರೆಯುವ ದಿನ ಈ ಒಂದು ಮಾತಿಗೆ ಮನೆಯವರೆಲ್ಲ ಸುಮ್ಮನಾಗುತ್ತಾರೆ. ಮೆಟ್ಟಿಲು ಒಳಗೆ ಎಂದರೆ ಒಂದೇ ಅಡುಗೆ ಮನೆ, ಒಂದೇ ದೇವರ ಕೋಣೆ, ಒಂದೇ ಕರೆಂಟ್ ಮೀಟರು. ಮಗ ಸೊಸೆ ಮೇಲೆ ಮಲಗುತ್ತಾರೆ, ಕೆಳಗೆ ಉಣ್ಣುತ್ತಾರೆ. ಮೆಟ್ಟಿಲು ಹೊರಗೆ ಎಂದರೆ ಎರಡು ಮನೆ. ಅದನ್ನು ಬಾಯಿಬಿಟ್ಟು ಹೇಳಿದರೆ ತಾಯಿಗೆ ನೋವು, ಹೇಳದಿದ್ದರೆ ಸೊಸೆಗೆ ಕಷ್ಟ. ನಾವಂತೂ ಹೊರಗಿನ ಮೆಟ್ಟಿಲಿನ ಪಕ್ಷ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಮಿಹಾನ್‌ನ ಕಂಪನಿಗೆ ಬಂದೇ ಬರುತ್ತಾನೆ ಎಂಬ ನಂಬಿಕೆಯಲ್ಲಿ ಒಳಮೆಟ್ಟಿಲಿನ ಮಹಡಿ ಕಟ್ಟಿ, ಆತ ಬಾರದೆ, ಬಾಡಿಗೆಗೂ ಕೊಡಲಾಗದೆ, ಮಂಡಿನೋವಿನ ದಂಪತಿ ವಾರಕ್ಕೊಮ್ಮೆ ಧೂಳು ಹೊಡೆಯಲು ಹತ್ತಿಳಿಯುವ ಮನೆಗಳು ನಮ್ಮ ಸದಸ್ಯರಲ್ಲೇ ಇವೆ. ಹೊರಮೆಟ್ಟಿಲಿದ್ದರೆ ಮಗ ಬಂದರೆ ಮಗನಿಗೆ, ಬಾರದಿದ್ದರೆ ಒಂದು ಒಳ್ಳೆಯ ಸಂಸಾರಕ್ಕೆ ಬಾಡಿಗೆಗೆ. ಕೆಳಗೆ ಇಬ್ಬರೇ ಇರುವ ವಯಸ್ಸಾದವರಿಗೆ ರಾತ್ರಿ ಮೇಲೆ ಹೆಜ್ಜೆಯ ಸದ್ದು ಕೇಳುವುದೂ ಒಂದು ಧೈರ್ಯ. ಮುಂದೆ ಮಗ ಅಥವಾ ಮಗಳ ಹೆಸರಿಗೆ ಮಾಡಬೇಕೆಂದರೆ ಮಹಾರಾಷ್ಟ್ರದಲ್ಲಿ ವಾಸದ ಮನೆಯ ದಾನಪತ್ರಕ್ಕೆ ಮೂಲ ಮುದ್ರಾಂಕ 200 ರೂಪಾಯಿ ಮಾತ್ರ, ಸ್ಥಳೀಯ ಅಧಿಭಾರ ಪ್ರತ್ಯೇಕ. ಆದರೆ ಬದುಕಿರುವ ತನಕ ವಾಸದ ಹಕ್ಕನ್ನು ಪತ್ರದಲ್ಲೇ ಬರೆಸದೆ ಯಾರೂ ಸಹಿ ಹಾಕುವುದು ಬೇಡ, ಮಕ್ಕಳು ಎಷ್ಟೇ ಒಳ್ಳೆಯವರಿರಲಿ.

ಮೇಲಿನ ಮಹಡಿಯ ಲಾಭ ಇನ್ನೂ ಒಂದಿದೆ. 2013ರ ಮೇ ತಿಂಗಳಲ್ಲಿ ಈ ಊರು 47.9 ಡಿಗ್ರಿ ಕಂಡಿದೆ. (2024ರ ಮೇ ಕೊನೆಗೆ 56 ಡಿಗ್ರಿ ಎಂದು ಸುದ್ದಿಯಾಗಿ ಊರಿನಿಂದೆಲ್ಲ ಫೋನು ಬಂದವು. ಅದು ಯಂತ್ರದ ದೋಷ ಎಂದು ಹವಾಮಾನ ಇಲಾಖೆ ಹೇಳಿತು.) ತಾರಸಿಯ ಕೆಳಗಿನ ಕೋಣೆಯಲ್ಲಿ ಖಸ್ ಹಾಕಿದ ಕೂಲರೂ ಸೋಲುವ ದಿನಗಳಲ್ಲಿ, ಮೇಲೆ ಇನ್ನೊಂದು ಮನೆ ಇದ್ದರೆ ಕೆಳಗಿನವರ ತಲೆ ತಂಪು. ಇನ್ನು ನೀರು. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಕೆಲವೇ ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು ಅಂಬಾಝರಿ ಕೆರೆ ಕೋಡಿ ಹರಿದಾಗ, ಅಂಬಾಝರಿ ಲೇಔಟ್, ಡಾಗಾ ಲೇಔಟ್, ಕಾರ್ಪೊರೇಶನ್ ಕಾಲನಿಯ ನೆಲಮಹಡಿಗಳಿಗೆ ನೀರು ನುಗ್ಗಿತು. ಇವೆಲ್ಲ ಹಳೆಯ, ಪ್ರತಿಷ್ಠಿತ ಬಡಾವಣೆಗಳು. ಮೇಲೊಂದು ಮಹಡಿ ಇದ್ದವರು ಮಕ್ಕಳು ಮುದುಕರನ್ನು ಮೇಲಕ್ಕೆ ಕಳಿಸಿದರು. ಆದ್ದರಿಂದ ಕೊಳ್ಳುವವರೂ ಕಟ್ಟುವವರೂ ಕಾಗದದ ಜೊತೆಗೆ ನಾಗ ನದಿ ಎತ್ತ, ನಾಲೆ ಎತ್ತ ಎಂಬುದನ್ನು ಜುಲೈ ತಿಂಗಳಲ್ಲಿ ಕಾಲಿನಿಂದ ನಡೆದು ನೋಡಬೇಕು. ಸಿಮೆಂಟು ರಸ್ತೆಗಳು ಬಂದ ಮೇಲೆ ಎಷ್ಟೋ ಮನೆಗಳ ಅಂಗಳ ರಸ್ತೆಗಿಂತ ತಗ್ಗಾಗಿದೆ. ಅಂಥ ಮನೆಗೆ ಮಹಡಿ ಏರಿಸುವ ಮೊದಲು ಕೆಳಗಿನ ನೆಲದ ಚಿಂತೆ ಮಾಡುವುದು ಒಳಿತು.

ಊರಿನಲ್ಲಿ ಮನೆ ಕಟ್ಟುವ ಆಸೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ತರ್ಕಕ್ಕೆ ಸಿಗುವ ವಿಷಯವಲ್ಲ. ಪಾಲಾಗದ ಕುಟುಂಬದ ಮನೆಗೆ ನಿವೃತ್ತಿಯ ಹಣ ಸುರಿಯುವವರು ಮಾತ್ರ ಒಂದನ್ನು ತಿಳಿದಿರಲಿ. 2005ರ ತಿದ್ದುಪಡಿ ಮತ್ತು 2020ರ ಆಗಸ್ಟಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ನೀವು ಹಾಕಿಸಿದ ಗ್ರಾನೈಟಿಗೆ ಅಕ್ಕತಂಗಿಯರೂ ಪಾಲುದಾರರು, ಅದು ನ್ಯಾಯವೂ ಹೌದು. ಬೇರೆ ಜಾಗ ಕೊಳ್ಳುವುದಾದರೆ ಪಂಚಾಯತಿಯ ನಮೂನೆ 9 ಮತ್ತು 11 ನೋಡದೆ ಮುಂದುವರಿಯಬೇಡಿ.

ಮನೆ ಇನ್ನೂ ಇಲ್ಲದ ಕಿರಿಯರಿಗೆ ಇಷ್ಟೇ ಹೇಳುವುದು. ಓಸಿ ಇರುವ, ಹತ್ತು ಹದಿನೈದು ವರ್ಷ ಹಳೆಯದಾದರೂ ಚಿಂತೆಯಿಲ್ಲ, ನಗರದೊಳಗಿನ ಫ್ಲ್ಯಾಟು ನೋಡಿ. ಆರ್‌ಎಲ್ ಬರಲಿರುವ ಪ್ಲಾಟಿನ ಮೇಲೆ ಇಪ್ಪತ್ತು ವರ್ಷದ ಸಂಬಳ ಅಡವಿಡಬೇಡಿ.

ಸಂಘಕ್ಕೂ ಒಂದು ಸೂಚನೆ. ಈ ಊರಿನ ಮನೆಯ ಕಾಗದಗಳೆಲ್ಲ ಮರಾಠಿಯಲ್ಲಿರುತ್ತವೆ. ಇಲ್ಲೇ ಶಾಲೆ ಕಲಿತ ಮಕ್ಕಳು ಅದನ್ನು ಸರಾಗ ಓದುತ್ತಾರೆ. ಮೊನ್ನೆ ಮೊನ್ನೆ ಕರ್ನಾಟಕದಿಂದ ನೌಕರಿಗೆ ಬಂದವರಿಗೆ ಏಜೆಂಟ್ ಓದಿ ಹೇಳಿದ್ದೇ ವೇದವಾಕ್ಯ. ನಮ್ಮಲ್ಲಿ ನಿವೃತ್ತ ಇಂಜಿನಿಯರುಗಳಿದ್ದಾರೆ, ಸಾಲ ವಿಭಾಗದಲ್ಲಿ ತಲೆ ಹಣ್ಣಾದವರಿದ್ದಾರೆ, ವಕೀಲರಿದ್ದಾರೆ. ಮಳೆ ನಿಂತು ಅಡಿಪಾಯ ತೋಡುವ ಕಾಲ ಶುರುವಾಗುವ ಮೊದಲು, ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಎರಡು ಗಂಟೆ ಇವರು ಕುಳಿತರೆ, ಟೋಕನ್ ಕೊಡುವ ಮುಂಚೆ ಸದಸ್ಯರು ಬಂದು ಕಾಗದ ತೋರಿಸಬಹುದು. ಮೂಲಪತ್ರ ತರುವುದು ಬೇಡ, ಜೆರಾಕ್ಸ್ ಸಾಕು.